ಗೆಜ್ಜೆ ಬಿಚ್ಚಿದ ಮೇಲಿನ ತಿಂಗಳುಗಳು

2024ರ ಏಪ್ರಿಲ್ 16ರ ರಾತ್ರಿ ಸ್ಯಾಕ್ರಮೆಂಟೊದಲ್ಲಿ ಕ್ಲೇ ಥಾಂಪ್ಸನ್ ಹತ್ತು ಸಲ ಚೆಂಡನ್ನು ಬುಟ್ಟಿಯತ್ತ ಎಸೆದ. ಹತ್ತೂ ತಪ್ಪಿದವು. ಅವನ ಹೆಸರಿನ ಮುಂದೆ ಸೊನ್ನೆ. ಅವನ ಬ್ಯಾಸ್ಕೆಟ್‌ಬಾಲ್ ತಂಡವಾದ ಗೋಲ್ಡನ್ ಸ್ಟೇಟ್ ವಾರಿಯರ್ಸ್‌ಗೆ 118–94ರ ಸೋಲು. 82 ಪಂದ್ಯಗಳಲ್ಲಿ 46 ಗೆದ್ದರೂ ಪಶ್ಚಿಮ ವಿಭಾಗದಲ್ಲಿ ಹತ್ತನೆಯ ಸ್ಥಾನಕ್ಕೆ ಜಾರಿದ್ದ ತಂಡಕ್ಕೆ ಪ್ಲೇ-ಆಫ್‌ನ ಬಾಗಿಲು ಆ ಒಂದೇ ರಾತ್ರಿಯಲ್ಲಿ ಮುಚ್ಚಿಕೊಂಡಿತು. ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ನಮ್ಮ ಮನೆಯಲ್ಲಿ ಮಗಳು ಪಂದ್ಯ ಮುಗಿಯುವ ಮೊದಲೇ ಸೋಫಾದ ಮೇಲೆ ನಿದ್ದೆಹೋಗಿದ್ದಳು. ಮೈಮೇಲೆ ಕ್ಲೇಯ 11ನೇ ಸಂಖ್ಯೆಯ ನೀಲಿ ಅಂಗಿ. ಅವಳನ್ನು ಎತ್ತಿಕೊಂಡು ಹೋಗಿ ಮಲಗಿಸಿ ಬಂದೆ. ಟಿವಿ ಆರಿಸಲು ಮನಸ್ಸಾಗದೆ ಧ್ವನಿಯನ್ನಷ್ಟೇ ತಗ್ಗಿಸಿ ಕುಳಿತೆ. ಕ್ಲೇಯ ಒಪ್ಪಂದ ಆ ಜೂನ್‌ಗೆ ಮುಗಿಯುವುದಿತ್ತು.

ಬೇರೆಯವರಿಗೆ ಆಟ ಅಲ್ಲಿಗೆ ಮುಗಿಯುತ್ತದೆ. ನನಗೆ ಇನ್ನೊಂದು ಆಟ ಅಲ್ಲಿಂದ ಶುರುವಾಗುತ್ತದೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ, ಒಂದೇ ಒಂದು ಎಸೆತ ಬೀಳದ ಆರು ತಿಂಗಳು. ಈ ಕಾಲದಲ್ಲಿ ಅಭಿಮಾನಿಗೆ ಏನು ಕೆಲಸ ಎಂದು ನನ್ನ ಹೆಂಡತಿ ಪ್ರತಿ ವರ್ಷ ಕೇಳುತ್ತಾಳೆ. ಮೊಬೈಲ್ ನೋಡುವುದು ಎಂಬುದು ಅವಳ ಉತ್ತರ. ಅದು ಸುಳ್ಳೇನಲ್ಲ.

ಆದರೆ ನಾನು ಈ ಕೆಲಸವನ್ನು ಅಮೆರಿಕದಲ್ಲಿ ಕಲಿತವನಲ್ಲ. ನಮ್ಮ ಊರು ಕುಂದಾಪುರದ ಕಡೆಯದು. ಅಲ್ಲಿ ಯಕ್ಷಗಾನ ಮೇಳಗಳು ಕಾರ್ತಿಕದ ಹೊತ್ತಿಗೆ ತಿರುಗಾಟ ಹೊರಟರೆ ಮೇ ಕೊನೆಯ ವಾರ, ಹತ್ತನಾವಧಿಗೆ ಗೆಜ್ಜೆ ಬಿಚ್ಚುತ್ತವೆ. ಮಳೆ ಶುರು, ಆಟ ಬಂದ್. ವಾರಿಯರ್ಸ್ ಆಡುವ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪಂಚಾಂಗವೂ ಹೆಚ್ಚುಕಡಿಮೆ ಇದೇ: ಅಕ್ಟೋಬರ್ ಕೊನೆಗೆ ಆರಂಭ, ಜೂನ್ ಮಧ್ಯಕ್ಕೆ ಮುಕ್ತಾಯ. ನಾನು ಚಿಕ್ಕವನಿದ್ದಾಗ ಅಪ್ಪಯ್ಯ ಆಟ ನೋಡುತ್ತಿದ್ದುದಕ್ಕಿಂತ ಹೆಚ್ಚು ಶ್ರದ್ಧೆಯಿಂದ ಮಳೆಗಾಲವನ್ನು ನೋಡುತ್ತಿದ್ದರು. ಯಾವ ಭಾಗವತರು ಯಾವ ಮೇಳ ಬಿಟ್ಟರು, ಯಾವ ಯಜಮಾನರು ಎಷ್ಟು ಮುಂಗಡ ಕೊಟ್ಟರು, ಮುಂದಿನ ತಿರುಗಾಟಕ್ಕೆ ಸಾಲಿಗ್ರಾಮ ಮೇಳದಲ್ಲಿ ಸ್ತ್ರೀವೇಷ ಯಾರದು, ಪೆರ್ಡೂರು ಮೇಳದಲ್ಲಿ ಚೆಂಡೆಗೆ ಯಾರು. ಪೇಟೆಯ ಹೋಟೆಲಿನಲ್ಲಿ ಒಂದು ಚಹಾ ಹಿಡಿದು ಕುಳಿತರೆ ಎರಡು ಗಂಟೆ. ಮನೆಗೆ ಬಂದು ಅಮ್ಮನ ಮುಂದೆ ಅದನ್ನೆಲ್ಲ ಒಪ್ಪಿಸುವುದು ಬೇರೆ. ಅಮ್ಮನಿಗೆ ಮೇಳ ಎಂದರೆ ದೇವರ ಸೇವೆ, ಹರಕೆ. ಯಾರು ಹಾಡಿದರೇನು, ಯಾರು ಕುಣಿದರೇನು. ಅಪ್ಪಯ್ಯನಿಗೆ ತಮ್ಮ ಮೆಚ್ಚಿನ ಒಬ್ಬ ಭಾಗವತರು ಹಾಡಿದರೆ ಮಾತ್ರ ಅದು ಆಟ.

ಒಂದು ಮಳೆಗಾಲ ಆ ಭಾಗವತರು ಇನ್ನೊಂದು ಮೇಳಕ್ಕೆ ಹೋದರು. ಆ ಕತೆಗೆ ಆಮೇಲೆ ಬರುತ್ತೇನೆ.

ಬ್ಯಾಸ್ಕೆಟ್‌ಬಾಲ್ ಅಭಿಮಾನಿಯ ಮಳೆಗಾಲದಲ್ಲಿ ಮೊದಲು ಓದಬೇಕಾದದ್ದು ಲೆಕ್ಕದ ಪುಸ್ತಕ. ಇದು ನನಗೆ ಇಷ್ಟವಿಲ್ಲದ, ಆದರೆ ಚಟದಂತೆ ಅಂಟಿಕೊಂಡಿರುವ ಭಾಗ. ಎನ್‌ಬಿಎಯಲ್ಲಿ ತಂಡವೊಂದು ತನ್ನ ಆಟಗಾರರಿಗೆಲ್ಲ ಸೇರಿ ಕೊಡಬಹುದಾದ ಸಂಬಳಕ್ಕೆ ಮಿತಿಯಿದೆ. 2024–25ಕ್ಕೆ ಅದು ಸುಮಾರು 14 ಕೋಟಿ ಡಾಲರ್. ಈ ಗೆರೆಯನ್ನು ದಾಟಲು ಹಲವು ವಿನಾಯಿತಿಗಳಿರುವುದರಿಂದ ಬಹುತೇಕ ಎಲ್ಲರೂ ದಾಟುವವರೇ. 17 ಕೋಟಿ ದಾಟಿದರೆ ದಂಡದಂಥ ಒಂದು ತೆರಿಗೆ. ಅದರ ಮೇಲೆ ‘ಏಪ್ರನ್’ ಎಂಬ ಎರಡು ಗೆರೆಗಳು: ಒಂದು 17.8 ಕೋಟಿಗೆ, ಇನ್ನೊಂದು 18.9 ಕೋಟಿಗೆ. ಅಡುಗೆಮನೆಯಲ್ಲಿ ಕಟ್ಟಿಕೊಳ್ಳುವ ಬಟ್ಟೆಯ ಹೆಸರು ಇಲ್ಲಿಗೆ ಏಕೆ ಬಂತೋ! ಎರಡನೆಯ ಏಪ್ರನ್ ದಾಟಿದ ತಂಡದ ಕೈಕಾಲು ಕಟ್ಟಿದಂತೆ. ಇಬ್ಬರು ಆಟಗಾರರ ಸಂಬಳ ಕೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ವಿನಿಮಯಕ್ಕೆ ತರುವಂತಿಲ್ಲ, ಮಧ್ಯಮ ದರ್ಜೆಯವರನ್ನು ಸೇರಿಸಿಕೊಳ್ಳಲು ಇರುವ ವಿನಾಯಿತಿ ಸಿಗುವುದಿಲ್ಲ. ಹಣವಿರುವ ಯಜಮಾನರು ಒಳ್ಳೆಯವರನ್ನೆಲ್ಲ ಗುಡ್ಡೆ ಹಾಕಿಕೊಳ್ಳಬಾರದು ಎಂಬುದು ಇದರ ಹಿಂದಿನ ತರ್ಕ.

ಆ ಯಜಮಾನರು ಯಾರು ಎಂದು ಕೇಳಿದರೆ, ನಮ್ಮವರೇ. 2023–24ರಲ್ಲಿ ವಾರಿಯರ್ಸ್ ಕಟ್ಟಿದ ತೆರಿಗೆಯೇ ಸುಮಾರು 17.7 ಕೋಟಿ ಡಾಲರ್, ಲೀಗಿನಲ್ಲೇ ಅತಿ ಹೆಚ್ಚು. ಹತ್ತನೆಯ ಸ್ಥಾನಕ್ಕೆ! ಊರಿನಲ್ಲಿ ಯಾರಾದರೂ ಇಷ್ಟು ಖರ್ಚು ಮಾಡಿ ಹೀಗೆ ಆಟ ಆಡಿಸಿದ್ದರೆ ಅಪ್ಪಯ್ಯ ಒಂದು ತಿಂಗಳು ಆ ವಿಷಯ ಬಿಡುತ್ತಿರಲಿಲ್ಲ.

ಹಾಗಾಗಿ ಆ ಬೇಸಿಗೆಯಲ್ಲಿ ತಂಡದ ಆಡಳಿತದವರು ಚೀಲ ಬಿಗಿಮಾಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಕ್ಲೇಗೆ ಆ ವರ್ಷದ ಸಂಬಳ 4.3 ಕೋಟಿ ಡಾಲರ್, ವಯಸ್ಸು 34. ಎರಡೂ ಕಾಲುಗಳಿಗೆ ದೊಡ್ಡ ಗಾಯವಾದ ಚರಿತ್ರೆ. ಹಂಗಾಮಿನ ಮೊದಲೇ ಎರಡು ವರ್ಷಕ್ಕೆ 4.8 ಕೋಟಿಯ ಪ್ರಸ್ತಾವ ಬಂದು ಅವನು ಒಪ್ಪಲಿಲ್ಲ ಎಂದು ಪತ್ರಿಕೆಗಳು ಬರೆದವು. ಲೆಕ್ಕ ಬಲ್ಲ ಅಭಿಮಾನಿಗಳು ಅವನನ್ನು ಬಿಡಬೇಕೆಂದು ಕೋಷ್ಟಕ ಹಾಕಿ ತೋರಿಸುತ್ತಿದ್ದರು. ನಾನೂ ಒಂದು ಕೋಷ್ಟಕ ಮಾಡಿದೆ. ಸಾಫ್ಟ್‌ವೇರ್‌ನವರಿಗೆ ಇದೊಂದು ರೋಗ. ಎಷ್ಟು ತಿದ್ದಿದರೂ ಅವನ ಹೆಸರಿನ ಸಾಲು ಇದ್ದಾಗ ಕೊನೆಯ ಮೊತ್ತ ಕೆಂಪಾಗುತ್ತಿತ್ತು, ಅಳಿಸಿದರೆ ಹಸಿರಾಗುತ್ತಿತ್ತು. ಒಂದು ರಾತ್ರಿ ಆ ಕಡತವನ್ನೇ ಅಳಿಸಿ ಮಲಗಿದೆ.

ಆ ಸಾಲಿನಲ್ಲಿ ಏನು ಹಿಡಿಯುವುದಿಲ್ಲ ಎಂದು ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. 2011ರಲ್ಲಿ ಡ್ರಾಫ್ಟ್‌ನ, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಪದ್ಧತಿಯ, ಹನ್ನೊಂದನೆಯವನಾಗಿ ಬಂದ ಕ್ಲೇ, ಸ್ಟೆಫ್ ಕರಿಯ ಪಕ್ಕದಲ್ಲಿ ನಿಂತು ಆಡಿದವನು. ಕರಿ ಚೆಂಡಿನೊಂದಿಗೆ ಮಾತಾಡುತ್ತಾನೆ. ಕ್ಲೇಗೆ ಚೆಂಡಿನ ಜೊತೆ ಸಲಿಗೆಯೇ ಇಲ್ಲ. ಕೈಗೆ ಬಂದರೆ ಎಸೆಯುತ್ತಾನೆ, ಅಷ್ಟೇ. 2016ರ ಡಿಸೆಂಬರಿನಲ್ಲಿ ಇಂಡಿಯಾನಾ ವಿರುದ್ಧ 29 ನಿಮಿಷಗಳಲ್ಲಿ 60 ಅಂಕ ಹೊಡೆದಾಗ ಇಡೀ ಪಂದ್ಯದಲ್ಲಿ ಅವನು ಚೆಂಡನ್ನು ನೆಲಕ್ಕೆ ಬಡಿದದ್ದು ಹನ್ನೊಂದು ಸಲ. 2015ರ ಜನವರಿ 23ರಂದು ಸ್ಯಾಕ್ರಮೆಂಟೊ ವಿರುದ್ಧ ಒಂದೇ ಕಾಲುಭಾಗದಲ್ಲಿ, ಹನ್ನೆರಡು ನಿಮಿಷಗಳ ಆಟದಲ್ಲಿ, 37 ಅಂಕ. ಎಸೆದದ್ದೆಲ್ಲ ಒಳಗೆ. ಆಗ ಹೆಂಡತಿ ತುಂಬು ಬಸುರಿ. ಟಿವಿ ಮುಂದೆ ನಾನು ಕೂಗಿದ ಕೂಗಿಗೆ ಹೊಟ್ಟೆಯೊಳಗೆ ಮಗು ಒದೆಯಿತು ಎಂದು ಅವಳು ಇಂದಿಗೂ ಹೇಳುತ್ತಾಳೆ. ಮಗಳ ಪಕ್ಷಪಾತಕ್ಕೆ ಇದೇ ಕಾರಣ ಎಂಬುದು ಅವಳ ವಾದ.

ಆದರೆ ನನಗೆ ಅವನು ಹತ್ತಿರವಾದದ್ದು ಅಂಕಗಳಿಂದ ಅಲ್ಲ. 2019ರ ಜೂನ್ 13, ಓಕ್ಲೆಂಡಿನ ಹಳೆಯ ಅಂಗಣದಲ್ಲಿ ವಾರಿಯರ್ಸ್ ಆಡಿದ ಕೊನೆಯ ಪಂದ್ಯ. ಫೈನಲ್ ಸರಣಿಯ ಆರನೆಯದು. ಮೇಲಕ್ಕೆ ಹಾರಿ ಇಳಿಯುವಾಗ ಕ್ಲೇಯ ಮಂಡಿಯ ಅಸ್ಥಿರಜ್ಜು ಹರಿಯಿತು. ಒಳಗೆ ಕರೆದುಕೊಂಡು ಹೋಗುತ್ತಿದ್ದವರಿಂದ ಬಿಡಿಸಿಕೊಂಡು, ಕುಂಟುತ್ತ ಮರಳಿ ಬಂದು, ತನಗೆ ಸಲ್ಲಬೇಕಿದ್ದ ಎರಡು ಮುಕ್ತ ಎಸೆತಗಳನ್ನು ಎಸೆದು ಹೋದ. ಎರಡೂ ಒಳಗೆ. ಮುಂದಿನ ವರ್ಷ ಇನ್ನೇನು ಮರಳಬೇಕು ಎನ್ನುವಾಗ ಇನ್ನೊಂದು ಕಾಲಿನ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹರಿಯಿತು. 941 ದಿನಗಳ ನಂತರ, 2022ರ ಜನವರಿ 9ರಂದು, ಅವನು ಮತ್ತೆ ಅಂಗಣಕ್ಕಿಳಿದ. ಆ ವರ್ಷ ಜೂನ್‌ನಲ್ಲಿ ನಾಲ್ಕನೆಯ ಪ್ರಶಸ್ತಿ. ಮನೆಯಲ್ಲಿ ಕೂತು ದುಡಿಯುತ್ತಿದ್ದ ಆ ಕೋವಿಡ್ ವರ್ಷಗಳಲ್ಲಿ ಅವನು ದೋಣಿಯೊಂದನ್ನು ತಾನೇ ನಡೆಸಿಕೊಂಡು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಒಬ್ಬನೇ ತಿರುಗುವುದನ್ನು ನಾನೂ ಮಗಳೂ ಮೊಬೈಲಿನಲ್ಲಿ ನೋಡುತ್ತಿದ್ದೆವು. ಆಮೇಲೆ ಪಂದ್ಯಕ್ಕೂ ದೋಣಿಯಲ್ಲೇ ಬರತೊಡಗಿದ. ಕಡಲ ತೀರದವನಾದ ನನಗೆ ಇದಕ್ಕಿಂತ ಹೆಚ್ಚಿನ ಶಿಫಾರಸು ಬೇಕಿರಲಿಲ್ಲ.

ಜೂನ್ 30ರ ಮಧ್ಯಾಹ್ನ ಮೂರಕ್ಕೆ ನಮ್ಮ ಸಮಯದಲ್ಲಿ, ಒಪ್ಪಂದ ಮುಗಿದ ಆಟಗಾರರ ಜೊತೆ ತಂಡಗಳ ಮಾತುಕತೆಯ ಕಾಲ ತೆರೆಯುತ್ತದೆ. ಆ ದಿನ ಅಭಿಮಾನಿಗಳು ಆಟ ನೋಡುತ್ತಿರಲಿಲ್ಲ, ಇಬ್ಬರು ಪತ್ರಕರ್ತರನ್ನು ನೋಡುತ್ತಿದ್ದರು: ಏಡ್ರಿಯನ್ ವೊಜ್ನರೌಸ್ಕಿ ಮತ್ತು ಶಮ್ಸ್ ಚರಾನಿಯಾ. ಇವರು ಹಾಕುವ ಒಂದೊಂದು ಸಾಲಿಗೆ ಒಂದೊಂದು ಊರು ಕುಣಿಯುತ್ತಿತ್ತು ಅಥವಾ ಅಳುತ್ತಿತ್ತು. ಅದಕ್ಕೆ ಮೊದಲು ವಾರವಿಡೀ ತಾರಾ ಆಟಗಾರ ಪಾಲ್ ಜಾರ್ಜ್ ನಮ್ಮಲ್ಲಿಗೆ ಬರುತ್ತಾನೆಂಬ ಗಾಳಿ ಬೀಸಿತ್ತು. ಅವನ ಹಳೆಯ ತಂಡ ವಿನಿಮಯಕ್ಕೆ ಒಪ್ಪಲಿಲ್ಲ. ಅವನು ನಾಲ್ಕು ವರ್ಷಕ್ಕೆ 21.2 ಕೋಟಿ ಡಾಲರ್ ಪಡೆದು ಫಿಲಡೆಲ್ಫಿಯಾಕ್ಕೆ ಹೋದ. ಕ್ರಿಸ್ ಪಾಲ್‌ನನ್ನು ನಮ್ಮವರು ಬಿಟ್ಟರು; ಅವನು ಸ್ಯಾನ್ ಆಂಟೋನಿಯೊ ಸೇರಿದ.

ಮರುದಿನ, ಸೋಮವಾರ, ಕಚೇರಿಯಲ್ಲಿ ಸಭೆಯ ನಡುವೆ ಮೇಜಿನ ಮೇಲಿದ್ದ ನನ್ನ ಮೊಬೈಲ್ ಒಮ್ಮೆ ನಡುಗಿತು. ಕ್ಲೇ ಥಾಂಪ್ಸನ್, ಡಲ್ಲಾಸ್, ಮೂರು ವರ್ಷ, ಐದು ಕೋಟಿ ಡಾಲರ್. ಎದುರು ಕೂತವನೂ ವಾರಿಯರ್ಸ್ ಅಭಿಮಾನಿ. ಅವನ ಮೊಬೈಲೂ ಅದೇ ಕ್ಷಣದಲ್ಲಿ ನಡುಗಿತ್ತು. ಇಬ್ಬರೂ ಮುಖ ನೋಡಿಕೊಂಡು ಏನೂ ಮಾತಾಡಲಿಲ್ಲ. ಸಭೆಯಲ್ಲಿ ಏನು ತೀರ್ಮಾನವಾಯಿತೋ ದೇವರಿಗೇ ಗೊತ್ತು.

ಮಗಳಿಗೆ ಹೇಳುವುದು ಸಂಜೆಯ ಕೆಲಸ. ಒಂಬತ್ತು ವರ್ಷದವಳು. ನಾನು ಲೆಕ್ಕ ವಿವರಿಸಲು ಹೊರಟೆ, ಏಪ್ರನ್‌ವರೆಗೂ ಹೋದೆ. ಅವಳು ಕೇಳಿದ ಪ್ರಶ್ನೆ ಒಂದೇ: “ಹಾಗಾದರೆ ಇನ್ನು ನಾವು ಡಲ್ಲಾಸ್ ಕಡೆಯವರಾ?”

ನನ್ನಲ್ಲಿ ಉತ್ತರವಿರಲಿಲ್ಲ. ಊರಿಗೆ ಫೋನು ಮಾಡಿದೆ. ಅಪ್ಪಯ್ಯನಿಗೆ ಬ್ಯಾಸ್ಕೆಟ್‌ಬಾಲ್ ತಿಳಿಯದು. ಆದರೆ ಈ ವಿಷಯ ತಿಳಿಯುತ್ತದೆ.

“ಅವನಾಗಿಯೇ ಬಿಟ್ಟದ್ದೋ, ಯಜಮಾನರು ಬಿಡಿಸಿದ್ದೋ?” ಎಂದು ಕೇಳಿದರು.

“ಎರಡೂ ಅಪ್ಪಯ್ಯ.”

“ಯಾವಾಗಲೂ ಎರಡೂ ಇರುತ್ತದೆ. ಜಾಗಟೆ ಕೊಡುವಾಗ ಮೊದಲಿನ ಮರ್ಯಾದೆ ಇರಲಿಲ್ಲವೋ ಏನೋ.”

ಜಾಗಟೆ ಎಂದರೆ ಭಾಗವತರ ಕೈಯಲ್ಲಿರುವುದು, ಆಟವನ್ನು ನಡೆಸುವುದು. ಅಪ್ಪಯ್ಯ ಅಂದಾಜಿನಲ್ಲಿ ಹೇಳಿದ್ದು ಸರಿಯಾಗಿಯೇ ತಗುಲಿತ್ತು. ಫೆಬ್ರವರಿಯಲ್ಲಿ ಕ್ಲೇಯನ್ನು ಆರಂಭದ ಐವರಿಂದ ತೆಗೆದು ಬೆಂಚಿನಲ್ಲಿ ಕೂರಿಸಿದ್ದರು. ಅವನು ಆ ಮೊದಲ ರಾತ್ರಿ ಯೂಟಾ ವಿರುದ್ಧ ಬೆಂಚಿನಿಂದ ಎದ್ದು ಬಂದು 35 ಅಂಕ ಹೊಡೆದಿದ್ದ. ಕೋಪವನ್ನು ಅಷ್ಟು ಚಂದವಾಗಿ ತೋರಿಸಿದವರನ್ನು ನಾನು ಕಂಡಿಲ್ಲ.

ಆಗ ಅಪ್ಪಯ್ಯ ತಮ್ಮ ಭಾಗವತರ ಕತೆಯ ಉಳಿದ ಅರ್ಧವನ್ನು ಹೇಳಿದರು. ಅವರು ಮೇಳ ಬಿಟ್ಟ ವರ್ಷ ಅಪ್ಪಯ್ಯ ಹೋಟೆಲಿನಲ್ಲಿ ಎಲ್ಲರೆದುರು ಪ್ರತಿಜ್ಞೆ ಮಾಡಿದ್ದು ನನಗೆ ನೆನಪಿತ್ತು: ಆ ಇನ್ನೊಂದು ಮೇಳದ ಡೇರೆಯ ನೆರಳಿಗೂ ಹೋಗುವುದಿಲ್ಲ ಎಂದು. ನನಗೆ ಗೊತ್ತಿಲ್ಲದಿದ್ದದ್ದು, ಅದೇ ಡಿಸೆಂಬರಿನಲ್ಲಿ ಶಂಕರನಾರಾಯಣದ ಹತ್ತಿರ ನೆಂಟರ ಮನೆಯಲ್ಲಿ ಕಾರ್ಯವಿದೆ ಎಂದು ಹೇಳಿ ಹೊರಟು, ರಾತ್ರಿಯಿಡೀ ಗದ್ದೆಯ ಬದಿಯಲ್ಲಿ ಡೇರೆಯ ಹೊರಗೆ ನಿಂತು ಹಾಡು ಕೇಳಿ ಬಂದದ್ದು. ಟಿಕೆಟು ತೆಗೆದರೆ ಪ್ರತಿಜ್ಞೆ ಮುರಿದಂತಲ್ಲವೇ, ಅದಕ್ಕೆ ಹೊರಗೆ. “ನಿನ್ನ ಅಮ್ಮನಿಗೆ ಗೊತ್ತಾಗಿತ್ತು,” ಎಂದರು. “ಕಾರ್ಯದ ಊಟ ಹೇಗಿತ್ತು ಎಂದು ಒಂದು ಮಾತೂ ಕೇಳಲಿಲ್ಲ ನೋಡು.”

ಜುಲೈ 6ಕ್ಕೆ ಒಪ್ಪಂದಗಳಿಗೆ ಸಹಿ ಹಾಕಬಹುದು. ಆ ವರ್ಷ ನಮ್ಮ ಪಂಚಾಂಗದಲ್ಲಿ ಆಷಾಢ ಶುರುವಾದದ್ದೂ ಅಂದೇ. ಕೋಟಿಗಟ್ಟಲೆ ಡಾಲರಿನ ಕಾಗದಗಳಿಗೆ ಇಷ್ಟು ಜನ ಒಟ್ಟಿಗೆ ಆಷಾಢದ ಪಾಡ್ಯದಂದು ಸಹಿ ಹಾಕುವುದನ್ನು ಅಮ್ಮ ಕಂಡಿದ್ದರೆ ಎದೆ ಹಿಡಿದುಕೊಳ್ಳುತ್ತಿದ್ದರು. ಕ್ಲೇಯ ನಿರ್ಗಮನ ಸರಳ ಬೀಳ್ಕೊಡುಗೆಯಾಗದೆ ಆರು ತಂಡಗಳು ಸೇರಿದ ವಿನಿಮಯವಾಯಿತು. ಎನ್‌ಬಿಎ ಇತಿಹಾಸದಲ್ಲಿ ಆರು ತಂಡಗಳದ್ದು ಇದೇ ಮೊದಲು. ಅದರಲ್ಲಿ ನಮಗೆ ಬಂದವರು ಬಡ್ಡಿ ಹೀಲ್ಡ್ ಮತ್ತು ಕೈಲ್ ಆಂಡರ್ಸನ್. ಪ್ರತ್ಯೇಕವಾಗಿ ಡಿ’ಆಂಥನಿ ಮೆಲ್ಟನ್. ಮೂವರ ಸಂಬಳ ಕೂಡಿದರೂ ತಂಡ ಮೊದಲ ಏಪ್ರನ್ನಿನ ಕೆಳಗೇ ನಿಂತಿತು. ಕೋಷ್ಟಕ ಹಸಿರು. ಹೀಲ್ಡ್ ಕೂಡ ದೂರದಿಂದ ಚೆನ್ನಾಗಿ ಎಸೆಯುವವನೇ. ಒಳ್ಳೆಯ ನಗು. ಮಗಳು ಅವನನ್ನು ಅಕ್ಟೋಬರ್‌ವರೆಗೆ “ಕ್ಲೇ ಜಾಗದವನು” ಎಂದೇ ಕರೆದಳು. ಹೊಸ ಭಾಗವತರಿಗೆ ಅಪ್ಪಯ್ಯ ಮಾಡಿದ ಅನ್ಯಾಯವೂ ಇದೇ.

ಜುಲೈನಲ್ಲಿ ಲಾಸ್ ವೇಗಾಸಿನಲ್ಲಿ ಸಮ್ಮರ್ ಲೀಗ್ ನಡೆಯುತ್ತದೆ. ಹೊಸ ಹುಡುಗರು, ತಂಡ ಸಿಗದೆ ಅಲೆಯುತ್ತಿರುವವರು, ವಿಶ್ವವಿದ್ಯಾಲಯದ ಅಂಗಣಗಳಲ್ಲಿ ಹತ್ತು ಹನ್ನೊಂದು ದಿನ ಆಡುತ್ತಾರೆ. ಇದು ನಮ್ಮ ಚಿಕ್ಕಮೇಳವೇ. ಮಳೆಗಾಲದಲ್ಲಿ ನಾಲ್ಕಾರು ಕಲಾವಿದರು ಸಂಜೆ ಮನೆಮನೆಗೆ ಬಂದು ಚಾವಡಿಯಲ್ಲಿ ಕಾಲು ಗಂಟೆ ಕುಣಿದು ಹೋಗುವುದಿಲ್ಲವೇ, ಹಾಗೆ. ಪೂರ್ಣ ಪ್ರಸಂಗವಲ್ಲ, ಪೂರ್ಣ ಹಿಮ್ಮೇಳವಿಲ್ಲ. ಆದರೆ ದೀಪದ ಹತ್ತಿರ ನಿಂತು ನೋಡಬಹುದು, ಯಾರ ಹೆಜ್ಜೆಯಲ್ಲಿ ಏನಿದೆ ಎಂದು. ನಾನು ಈ ಪಂದ್ಯಗಳನ್ನು ಬಿಡದೆ ನೋಡುತ್ತೇನೆ. ಇಲ್ಲಿ ಮಿಂಚಿದವರಲ್ಲಿ ಎಷ್ಟೋ ಜನ ಅಕ್ಟೋಬರಿನಲ್ಲಿ ಕಾಣುವುದಿಲ್ಲ ಎಂಬುದು ಗೊತ್ತಿದ್ದರೂ.

ಆ ವರ್ಷ ಡ್ರಾಫ್ಟ್‌ನಲ್ಲಿ ನಮಗೆ ಸಿಕ್ಕವನು 52ನೆಯವನಾದ ಕ್ವಿಂಟನ್ ಪೋಸ್ಟ್, ನೆದರ್ಲೆಂಡ್ಸಿನ ಎತ್ತರದ ಹುಡುಗ. 52 ಎಂದ ಕೂಡಲೇ ನನಗೆ ನೆನಪಾದದ್ದು ಪಂಜಾಬಿನ ಸತ್ನಾಮ್ ಸಿಂಗ್. 2015ರಲ್ಲಿ ಅದೇ 52ನೇ ಸ್ಥಾನದಲ್ಲಿ ಡಲ್ಲಾಸ್ ಅವನನ್ನು ಆರಿಸಿದಾಗ, ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯನೆಂದು ನಮ್ಮ ಗೆಳೆಯರ ಗುಂಪಿನಲ್ಲಿ ಹಬ್ಬ. ಎನ್‌ಬಿಎಯಲ್ಲಿ ಒಂದೂ ಪಂದ್ಯ ಆಡಲು ಅವನಿಗೆ ಆಗಲಿಲ್ಲ. ಮುಂದೆ ಕುಸ್ತಿಯ ಕಣಕ್ಕೆ ಹೋದ. ಆ ಬೇಸಿಗೆ ನಾವು ಎಷ್ಟೊಂದು ಲೆಕ್ಕ ಹಾಕಿದ್ದೆವು.

ಆಗಸ್ಟ್ ಎಂದರೆ ಗಾಳಿಸುದ್ದಿಯ ತಿಂಗಳು. ಯೂಟಾದ ಲೌರಿ ಮಾರ್ಕನೆನ್ ನಮ್ಮಲ್ಲಿಗೆ ಬರುತ್ತಾನೆ ಎಂದು ವಾರಗಟ್ಟಲೆ ಓದಿದೆ. ಯಾರನ್ನು ಕೊಡಬೇಕು, ಎಷ್ಟು ಡ್ರಾಫ್ಟ್ ಹಕ್ಕು ಕೊಡಬೇಕು ಎಂದು ಸಹೋದ್ಯೋಗಿಯ ಜೊತೆ ಜಗಳವನ್ನೂ ಆಡಿದೆ. ಕೊನೆಗೆ ಆಗಸ್ಟ್ 7ರಂದು ಅವನು ಯೂಟಾದಲ್ಲೇ ಒಪ್ಪಂದ ಮುಂದುವರಿಸಿದ. ಆ ತಾರೀಖಿನ ಸೊಗಸು ನೋಡಿ. ಅಂಥ ಸಹಿಯ ನಂತರ ಆರು ತಿಂಗಳು ಆಟಗಾರನನ್ನು ವಿನಿಮಯ ಮಾಡುವಂತಿಲ್ಲ. ಆ ಹಂಗಾಮಿನ ವಿನಿಮಯದ ಗಡುವು ಫೆಬ್ರವರಿ 6. ಒಂದು ದಿನ ಮೊದಲು ಸಹಿ ಹಾಕಿದ್ದರೆ ಆ ಗಡುವಿನೊಳಗೆ ಅವನನ್ನು ಕಳಿಸಲು ಅವಕಾಶವಿರುತ್ತಿತ್ತು. ಒಂದು ದಿನ ತಡಮಾಡಿ ಆ ಕಿಂಡಿಯನ್ನೂ ಮುಚ್ಚಿದರು. ವಾರಗಳ ನನ್ನ ಚಿಂತನೆಗೆ ಬಂದ ಬೆಲೆ ಅಷ್ಟು. ಜಗಳವಾಡಿದವನು ಮಾತ್ರ ಇನ್ನೂ ತನ್ನದೇ ಸರಿ ಎನ್ನುತ್ತಾನೆ.

ಮೂರು ದಿನ ಕಳೆದು, ಶನಿವಾರ ಮಧ್ಯಾಹ್ನ, ಪ್ಯಾರಿಸ್ ಒಲಿಂಪಿಕ್ಸ್ ಫೈನಲ್. ಈ ಬೇಸಿಗೆಯಲ್ಲಿ ಸಿಕ್ಕ ನಿಜವಾದ ಆಟ ಅದೊಂದೇ. ಅಮೆರಿಕ ತಂಡದ ತರಬೇತುದಾರ ಸ್ಟೀವ್ ಕರ್ ನಮ್ಮವನು, ಕರಿ ನಮ್ಮವನು. ಫ್ರಾನ್ಸ್ ಬೆನ್ನು ಹತ್ತಿ ಬಂದಾಗ, ಕೊನೆಯ ಮೂರು ನಿಮಿಷಗಳಲ್ಲಿ ಕರಿ ಒಂದರ ಹಿಂದೆ ಒಂದು ಮೂರಂಕ (ದೂರದ ಗೆರೆಯಾಚೆಯಿಂದ ಎಸೆದರೆ ಸಿಗುವುದು) ಎಸೆದ. ಒಟ್ಟು 24 ಅಂಕ, ಎಂಟು ಮೂರಂಕ, 98–87ರ ಗೆಲುವು. ಕೊನೆಯದನ್ನು ಇಬ್ಬರ ಕೈಗಳ ಮೇಲಿಂದ ಎಸೆದು, ಎರಡೂ ಅಂಗೈ ಜೋಡಿಸಿ ಕೆನ್ನೆಗಿಟ್ಟು ಎದುರಾಳಿಗಳನ್ನು ಮಲಗಿಸಿದ. ಅನ್ನಕ್ಕೆ ಕುಳಿತಿದ್ದ ನಾವು ತಟ್ಟೆ ಬಿಟ್ಟು ಎದ್ದಿದ್ದೆವು. ಮೀನುಸಾರು ಆರಿತು. 36 ವರ್ಷದವನು! ಆ ತಿಂಗಳ ಕೊನೆಗೆ ಅವನ ಒಪ್ಪಂದವನ್ನು ಇನ್ನೊಂದು ವರ್ಷ, 2027ರವರೆಗೆ, 6.26 ಕೋಟಿ ಡಾಲರಿಗೆ ಮುಂದುವರಿಸಿದರು. ಈ ಒಂದು ಸಾಲಿನ ಬಗ್ಗೆ ಕೋಷ್ಟಕದವರು ಯಾರೂ ಬಾಯಿ ತೆರೆಯಲಿಲ್ಲ.

ಮಧ್ಯೆ ವೇಳಾಪಟ್ಟಿ ಬಂತು. ಮಗಳು ಮೊದಲು ಹುಡುಕಿದ್ದು ಡಲ್ಲಾಸ್ ಇಲ್ಲಿಗೆ ಬರುವ ದಿನ: ನವೆಂಬರ್ 12. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ಚೌಕಕ್ಕೆ ಒಂದು ದೋಣಿ ಬಿಡಿಸಿದಳು. ನೀಲಿ ಅಂಗಿ ಆ ಹೊತ್ತಿಗೆ ಅವಳಿಗೆ ಚಿಕ್ಕದಾಗಿತ್ತು. ಹೊಸದು ಕೊಡಿಸುತ್ತೇನೆ, ಯಾವ ಸಂಖ್ಯೆ ಎಂದು ಕೇಳಿದೆ. ಯೋಚಿಸಿ ಹೇಳುತ್ತೇನೆ ಎಂದವಳು ಹೇಳಲಿಲ್ಲ. ಅದೇ ಅಂಗಿಯ ತೋಳುಗಳನ್ನು ಎಳೆದು ಹಾಕಿಕೊಳ್ಳುತ್ತಿದ್ದಳು.

ಸೆಪ್ಟೆಂಬರ್ 18ರಂದು ಇನ್ನೊಂದು ಸುದ್ದಿ: ವೊಜ್ನರೌಸ್ಕಿ ಪತ್ರಿಕಾ ವೃತ್ತಿ ಬಿಟ್ಟು ತಾನು ಓದಿದ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದ ವ್ಯವಸ್ಥಾಪಕನಾಗಿ ಹೋದ. ಯಾರು ಎಲ್ಲಿಗೆ ಹೋದರೆಂದು ವರ್ಷಗಟ್ಟಲೆ ಡಂಗುರ ಸಾರಿದವನು ತನ್ನ ವಲಸೆಯನ್ನೂ ತಾನೇ ಸಾರಿ ಇಳಿದುಹೋದದ್ದು ನನಗೆ ಹಿಡಿಸಿತು.

ಊರಿನಲ್ಲಿ ತಿರುಗಾಟಕ್ಕೆ ಮುನ್ನ ಮೇಳದ ಕರಪತ್ರ ಬರುತ್ತದೆ. ಭಾಗವತರು, ಮದ್ದಳೆ, ಚೆಂಡೆ, ಆಮೇಲೆ ಮುಮ್ಮೇಳ, ಸ್ತ್ರೀವೇಷ, ಹಾಸ್ಯ. ಅಪ್ಪಯ್ಯ ಅದನ್ನು ಲಗ್ನಪತ್ರಿಕೆಯಂತೆ ಓದಿ, ಕನ್ನಡಕ ತೆಗೆದು, ಮತ್ತೊಮ್ಮೆ ಓದುತ್ತಿದ್ದರು. ಇರುವ ಹೆಸರಿಗಿಂತ ಇಲ್ಲದ ಹೆಸರನ್ನು ಓದಲು. ಅಕ್ಟೋಬರಿನಲ್ಲಿ ತಂಡದ ಆಟಗಾರರ ಪಟ್ಟಿ ಬಂದಾಗ ನಾನು ಮಾಡಿದ್ದೂ ಅದನ್ನೇ. 2012ರಿಂದ ನೋಡುತ್ತ ಬಂದ ಪಟ್ಟಿಯಲ್ಲಿ ಮೊದಲ ಸಲ 11 ಇರಲಿಲ್ಲ. ಆ ಅಂಗಿಯನ್ನು ಇನ್ನಾರಿಗೂ ಕೊಡುವುದಿಲ್ಲ, ಮುಂದೊಂದು ದಿನ ಅಂಗಣದ ಮಾಡಿಗೆ ಏರಿಸುತ್ತೇವೆ ಎಂದು ತಂಡದವರು ಜುಲೈನಲ್ಲೇ ಹೇಳಿದ್ದರು.

ವಾರಿಯರ್ಸ್ ಹಂಗಾಮು ಅಕ್ಟೋಬರ್ 23ರಂದು ಪೋರ್ಟ್‌ಲೆಂಡಿನಲ್ಲಿ ಆರಂಭವಾಯಿತು. ಗೆದ್ದರು. ಮನೆಯವರೆಲ್ಲ ಸೋಫಾದಲ್ಲಿ ಕುಳಿತು ನೋಡಿದೆವು, ಹೀಲ್ಡ್ ಎಸೆದದ್ದರಲ್ಲಿ ಹೆಚ್ಚಿನವು ಒಳಗೆ ಹೋಗುತ್ತಿದ್ದವು. ಮಗಳು ಮೊದಲ ಸಲ ಅವನ ಹೆಸರು ಹಿಡಿದು ಕರೆದಳು.

ಮರುದಿನ ಗುರುವಾರ. ಡಲ್ಲಾಸ್‌ನ ಮೊದಲ ಪಂದ್ಯ ನಮ್ಮ ಸಮಯ ಸಂಜೆ ನಾಲ್ಕೂವರೆಗೆ. ದಂತವೈದ್ಯರ ಹತ್ತಿರ ಹೋಗಬೇಕು ಎಂದು ಕಚೇರಿಯಲ್ಲಿ ಹೇಳಿ ಹೊರಬಿದ್ದೆ. ಕಾರಿನಲ್ಲಿ ಕುಳಿತೆ, ಆದರೆ ಕಾರು ಹೊರಡಿಸಲಿಲ್ಲ. ನಿಲುಗಡೆಯ ಮೂರನೆಯ ಮಹಡಿ, ಮೂಲೆಯ ಜಾಗ. ಮೊಬೈಲನ್ನು ಸ್ಟೀರಿಂಗ್‌ಗೆ ಒರಗಿಸಿಟ್ಟೆ. ಡಲ್ಲಾಸಿನ ಬಣ್ಣವೂ ನೀಲಿಯೇ, ಆದರೆ ಬೇರೆ ನೀಲಿ. ಬೆನ್ನ ಮೇಲೆ 31. ಮೊದಲ ಎಸೆತಕ್ಕೆ ಅವನು ಕಾಲು ಜೋಡಿಸಿದ ರೀತಿಯಲ್ಲೇ ಗೊತ್ತಾಯಿತು, ಇವತ್ತು ಚೆನ್ನಾಗಿ ಆಡುತ್ತಾನೆ ಎಂದು. ಪಕ್ಕದ ಕಾರಿನವರು ಬಂದು ಹೋದರು. ಬ್ಯಾಟರಿ ಶೇಕಡಾ ಒಂಬತ್ತಕ್ಕೆ ಇಳಿಯುವ ತನಕ ನೋಡಿದೆ.

ಮನೆ ಸೇರಿದಾಗ ಎಂಟಾಗುತ್ತ ಬಂದಿತ್ತು. 880 ಹೆದ್ದಾರಿಯಲ್ಲಿ ವಿಪರೀತ ವಾಹನ ಎಂದೆ. ಹೆಂಡತಿ ದೋಸೆ ಮಗುಚಿ ಹಾಕುತ್ತ, ತಿರುಗಿಯೂ ನೋಡದೆ ಕೇಳಿದಳು:

“ಎಷ್ಟು ಹೊಡೆದ?”

“ಇಪ್ಪತ್ತೆರಡು,” ಎಂದೆ. “ಆರು ಮೂರಂಕ.”